ಒಬ್ಬರು ಓದಿರಬೇಕು, ಇನ್ನೊಬ್ಬರು ಓದಿರಬಾರದು: ಇಬ್ಬರು ಕೂತು ನಡೆಸುವ ವಿಜ್ಞಾನ ಸುದ್ದಿ ಪಾಡ್‌ಕಾಸ್ಟಿಗೆ ಸಮಗ್ರ ಮಾರ್ಗದರ್ಶಿ

ಮೈಸೂರಿನಲ್ಲಿ ಸಂಶೋಧನೆಗೆ ಬರವಿಲ್ಲ. ಚೆಲುವಾಂಬ ಮಹಲಿನಲ್ಲಿ 1950ರಿಂದ ನಡೆಯುತ್ತಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಸೇನೆಗೆ ಆಹಾರ ರೂಪಿಸುವ ಪ್ರಯೋಗಾಲಯ, ರೇಷ್ಮೆ ಸಂಶೋಧನಾ ಸಂಸ್ಥೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ. ಇನ್ನು ಮಂಡ್ಯದ ಕಡೆ ಹೊರಟರೆ ಬೆಳೆಗಳ ಸಂಶೋಧನೆ ನಡೆಯುವ ವಿ.ಸಿ. ಫಾರಂ. ಆದರೆ ಇವುಗಳಲ್ಲಿ ಯಾವುದರ ಗೇಟಿನ ಎದುರಿಗಿರುವ ಟೀ ಅಂಗಡಿಯಲ್ಲಾದರೂ ಒಳಗೆ ಏನು ನಡೆಯುತ್ತದೆ ಎಂದು ಕೇಳಿ ನೋಡಿ. "ಏನೋ ರಿಸರ್ಚಂತೆ ಸಾರ್" ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಆ "ಏನೋ" ಇದೆಯಲ್ಲ, ಅದನ್ನು ಸ್ವಲ್ಪವಾದರೂ ಕರಗಿಸಬೇಕೆಂದೇ ನಾನೂ ಲೆಕ್ಕಪತ್ರ ವಿಭಾಗದ ಒಬ್ಬ ಸಹೋದ್ಯೋಗಿಯೂ ನಮ್ಮ ಸಂಸ್ಥೆಗಾಗಿ ಪಾಡ್‌ಕಾಸ್ಟ್ ನಡೆಸುತ್ತಿದ್ದೇವೆ. ಇಪ್ಪತ್ತು ನಿಮಿಷ, ಮೂರು ವಿಜ್ಞಾನ ಸುದ್ದಿ, ನಡುನಡುವೆ ನಗು. ನೀವು ಇಂಥದ್ದೊಂದು ಶುರುಮಾಡುವುದಾದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಿ ಎಡವುತ್ತೀರಿ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಚೇರಿಯ ಜೊತೆ ಮಾತು ಮುಗಿಸಿ

ಮೈಕು ಕೊಳ್ಳುವ ಮೊದಲೇ ಆಗಬೇಕಾದ ಕೆಲಸ ಇದು. ಸಂಸ್ಥೆಯ ಹೆಸರಿನಲ್ಲಿ ಮಾತಾಡುವಾಗ ಯಾರು ಕೇಳಿ ಒಪ್ಪಬೇಕು, ಎಷ್ಟು ದಿನದೊಳಗೆ ಒಪ್ಪಬೇಕು, ಏನನ್ನು ತಿದ್ದಬಹುದು ಎಂಬ ಮೂರನ್ನೂ ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ನಮ್ಮಲ್ಲಿರುವ ಕರಾರು ಸರಳ: ವಿಷಯ ಬಲ್ಲ ವಿಜ್ಞಾನಿಯೊಬ್ಬರು ಎರಡು ದಿನದೊಳಗೆ ಕೇಳಿ, ತಪ್ಪಿದ್ದರೆ ಹೇಳಬೇಕು. ತಪ್ಪು ಅಂದರೆ ವಿಷಯದ ತಪ್ಪು. ತಮಾಷೆ ಹಿಡಿಸಲಿಲ್ಲ, ಇನ್ನೂ ಗಂಭೀರವಾಗಿರಬೇಕಿತ್ತು ಅನ್ನುವುದು ಈ ಹಂತದಲ್ಲಿ ಬರುವ ಹಾಗಿಲ್ಲ. ಈ ಗೆರೆ ಎಳೆಯದೆ ಹೋದರೆ ನಾಲ್ಕನೇ ಕಂತಿನ ಹೊತ್ತಿಗೆ ನಿಮ್ಮ ಪಾಡ್‌ಕಾಸ್ಟು ಸುತ್ತೋಲೆ ಓದಿದ ಹಾಗಾಗುತ್ತದೆ.

ನಿಮ್ಮದೇ ಸಂಸ್ಥೆಯ ಸುದ್ದಿ ಹೇಳುವಾಗ ಎರಡು ಎಚ್ಚರ ಬೇಕು. ಒಂದು, ಪೇಟೆಂಟ್ ಅರ್ಜಿ ಹಾಕುವ ಮೊದಲೇ ಹೊಸ ವಿಧಾನವನ್ನು ಹೊರಗೆ ಹೇಳಿಬಿಟ್ಟರೆ ಅದು "ಹೊಸದು" ಅನ್ನಿಸಿಕೊಳ್ಳುವ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ಕ್ಯಾಂಟೀನಿನಲ್ಲಿ ಕೇಳಿದ ಮಾತನ್ನು ಮೈಕಿನ ಮುಂದೆ ತರಬೇಡಿ. ಎರಡು, ಅದು ನಿಮ್ಮ ಮನೆಯ ಕೆಲಸ ಎಂದು ಮಾತಿನ ಮೊದಲಲ್ಲೇ ಹೇಳಿಬಿಡಿ. "ಇದು ನಮ್ಮ ಕಟ್ಟಡದ್ದೇ ಸುದ್ದಿ, ನಮಗೆ ಪ್ರೀತಿ ಜಾಸ್ತಿ ಇರುತ್ತೆ, ನೀವು ಸ್ವಲ್ಪ ಸೋಸಿ ಕೇಳಿ" ಎಂದರೆ ಕೇಳುಗರಿಗೆ ನಿಮ್ಮ ಮೇಲೆ ನಂಬಿಕೆ ಹೆಚ್ಚಾಗುತ್ತದೆ.

ದೊಡ್ಡ ನಿಯತಕಾಲಿಕಗಳು ಪತ್ರಕರ್ತರಿಗೆ ಲೇಖನವನ್ನು ಮುಂಚೆಯೇ ಕೊಟ್ಟು, ಇಂಥ ಹೊತ್ತಿನ ತನಕ ಹೊರಹಾಕಬೇಡಿ ಎಂದು ತಡೆ ಹಾಕುತ್ತವೆ. ನೇಚರ್ ಪತ್ರಿಕೆಯ ತಡೆ ಸಾಮಾನ್ಯವಾಗಿ ಲಂಡನ್ನಿನ ಸಂಜೆ 4 ಗಂಟೆಗೆ ತೆರೆಯುತ್ತದೆ. ನಮ್ಮ ಗಡಿಯಾರದಲ್ಲಿ ಅದು ಚಳಿಗಾಲದಲ್ಲಿ ರಾತ್ರಿ 9.30, ಅಲ್ಲಿ ಬೇಸಿಗೆ ಸಮಯ ಇರುವಾಗ 8.30. ಬೆಳಿಗ್ಗೆಯೇ ಕಂತು ಏರಿಸಿ ಸಂಸ್ಥೆಗೆ ಮುಜುಗರ ತರಬೇಡಿ.

ಜೊತೆಗಾರರು ಯಾರಾಗಬೇಕು

ಎಲ್ಲರೂ ಮಾಡುವುದು ಇಬ್ಬರು ವಿಜ್ಞಾನಿಗಳನ್ನು ಕೂರಿಸುವುದು. ಇಬ್ಬರಿಗೂ ಗೊತ್ತಿರುವುದನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಕೇಳುವವರು ಹೊರಗೆ ನಿಂತಿರುತ್ತಾರೆ. ನನ್ನ ಅನುಭವದಲ್ಲಿ ಇಡೀ ಕಾರ್ಯಕ್ರಮ ನಿಂತಿರುವುದು ಒಂದೇ ನಿಯಮದ ಮೇಲೆ: ಒಂದು ಸುದ್ದಿಯನ್ನು ಒಬ್ಬರು ಪೂರ್ತಿ ಓದಿರಬೇಕು, ಇನ್ನೊಬ್ಬರು ಒಂದು ಸಾಲೂ ಓದಿರಬಾರದು. ಓದದವರು ಕೇಳುಗರ ಪ್ರತಿನಿಧಿ. ಅವರಿಗೆ ಬರುವ ಅನುಮಾನ ನಟನೆಯಾಗಿರಬಾರದು, ನಿಜವಾದ ಅನುಮಾನವೇ ಆಗಿರಬೇಕು.

ನನ್ನ ಜೊತೆಗಾರ್ತಿ ಮಂಡ್ಯ ಜಿಲ್ಲೆಯ ಹಳ್ಳಿಯವರು, ಬಿಲ್ಲು ಓಚರು ನೋಡುವವರು. ಅಂಕಿ ಕಂಡರೆ ಬಿಡುವುದಿಲ್ಲ. "ನೂರರಲ್ಲಿ ಎಂಬತ್ತು ಅಂದ್ರಲ್ಲ ಸಾ, ಒಟ್ಟು ಎಷ್ಟು ಜನರನ್ನ ಕೇಳಿದ್ರು?" ಎಂದು ಅವರು ಮೊದಲ ದಿನವೇ ಕೇಳಿದರು. ಹತ್ತು ಜನರನ್ನು ಕೇಳಿದ ಅಧ್ಯಯನಕ್ಕೂ ಹತ್ತು ಸಾವಿರ ಜನರನ್ನು ಕೇಳಿದ್ದಕ್ಕೂ ಇರುವ ಅಂತರ ತಿಳಿಯಲು ಸಂಖ್ಯಾಶಾಸ್ತ್ರದ ಪದವಿ ಬೇಕಿಲ್ಲ. ನಿಮ್ಮಲ್ಲೂ ತೋಟದ ವಿಭಾಗದಲ್ಲೋ, ಗ್ರಂಥಾಲಯದಲ್ಲೋ, ವರ್ಕ್‌ಶಾಪಿನಲ್ಲೋ ಅಂಥವರು ಒಬ್ಬರು ಇದ್ದೇ ಇರುತ್ತಾರೆ. ಹುಡುಕಿ.

ಮೂರು ಸುದ್ದಿಯಲ್ಲಿ ಎರಡನ್ನು ಒಬ್ಬರು, ಒಂದನ್ನು ಇನ್ನೊಬ್ಬರು ಹಂಚಿಕೊಂಡು ಓದಿ. ಒಬ್ಬರೇ ಸದಾ ಮೇಷ್ಟರಾಗಿ ಇನ್ನೊಬ್ಬರು ಸದಾ ವಿದ್ಯಾರ್ಥಿಯಾದರೆ ಹದಗೆಡುತ್ತದೆ. ಹೆಣ್ಣುಮಗಳಿಗೆ ಗಂಡಸು ಪಾಠ ಹೇಳುವ ಹಾಗೆ ಕೇಳಿಸಿದರಂತೂ ಇನ್ನೂ ಕೆಡುತ್ತದೆ.

ಇನ್ನೊಂದು ಮಾತು, ಇದನ್ನು ನಾನು ಒತ್ತಿ ಹೇಳುತ್ತೇನೆ. ಮಂಡ್ಯದ ಮಾತನ್ನು ನಗೆಯ ಸರಕು ಮಾಡಿಕೊಳ್ಳಬೇಡಿ. ಅವರ "ಕನ", "ಓಯ್ತದೆ", "ಬುಡಿ" ಕೇಳಿಸಿದ ಕೂಡಲೇ ಜನ ನಗಬೇಕು ಅನ್ನುವ ರೂಢಿ ತೆರೆಯ ಮೇಲೆ ಬಹಳ ಬೆಳೆದಿದೆ. ನಮ್ಮ ಕಂತಿನಲ್ಲಿ ಅತಿ ಕಷ್ಟದ ಪ್ರಶ್ನೆ ಬರುವುದು ಆ ಮಾತಿನಲ್ಲಿಯೇ.

ಸುದ್ದಿ ಆರಿಸುವುದು

ವಾರಕ್ಕೆ ಹದಿನೈದು ಶೀರ್ಷಿಕೆ ಗುರುತು ಹಾಕಿಕೊಂಡರೆ ಮೂರು ಉಳಿಯುತ್ತವೆ. ಸಂಸ್ಥೆಗಳ ಪತ್ರಿಕಾ ಪ್ರಕಟಣೆಯಿಂದ ಶುರುಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಮೂಲ ಪ್ರಬಂಧ ಕೈಗೆ ಸಿಗದ ಸುದ್ದಿಯನ್ನು ಬಿಟ್ಟುಬಿಡಿ. ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಜಾಲಕ್ಕೆ ಬರುವ ಪ್ರೀಪ್ರಿಂಟುಗಳೂ ಇವೆ. ಭೌತವಿಜ್ಞಾನದವರ ಆರ್‌ಕೈವ್ ತಾಣ 1991ರಿಂದ ಇದೆ, ಜೀವವಿಜ್ಞಾನದ ಬಯೋಆರ್‌ಕೈವ್ 2013ರಿಂದ. ಅಲ್ಲಿಂದ ತೆಗೆದುಕೊಂಡರೆ "ಇದಿನ್ನೂ ಬೇರೆಯವರ ಕಣ್ಣಿಗೆ ಬಿದ್ದು ಪಾಸಾಗಿಲ್ಲ" ಎಂದು ಮೊದಲ ವಾಕ್ಯದಲ್ಲಿ ಹೇಳಿ, ಕೊನೆಯಲ್ಲಲ್ಲ.

ನಗುವಿರುವ ಸುದ್ದಿ ಬೇಕೆಂದರೆ 1991ರಲ್ಲಿ ಶುರುವಾದ ಇಗ್ ನೊಬೆಲ್ ಬಹುಮಾನಗಳ ಪಟ್ಟಿ ದೊಡ್ಡ ಗಣಿ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. 2001ರಲ್ಲಿ ಅದು ಬೆಂಗಳೂರಿನ ನಿಮ್ಹಾನ್ಸಿನ ಚಿತ್ತರಂಜನ್ ಆಂಡ್ರಾಡೆ ಮತ್ತು ಬಿ.ಎಸ್. ಶ್ರೀಹರಿ ಅವರಿಗೆ ಬಂತು. ಹದಿಹರೆಯದವರಲ್ಲಿ ಮೂಗಿಗೆ ಬೆರಳು ಹಾಕುವ ಅಭ್ಯಾಸ ಎಷ್ಟು ಸಾಮಾನ್ಯ ಎಂದು ತೋರಿಸಿದ್ದಕ್ಕೆ. ಕೇಳಿದ ಕೂಡಲೇ ನಗು ಬರುತ್ತದೆ. ನಕ್ಕಾದ ಮೇಲೆ, ಒಂದು ನಡವಳಿಕೆ ಯಾವಾಗ ಅಭ್ಯಾಸ, ಯಾವಾಗ ಕಾಯಿಲೆ ಎಂದು ಮನೋವೈದ್ಯರು ಹೇಗೆ ತೀರ್ಮಾನಿಸುತ್ತಾರೆ ಎಂಬ ಗಟ್ಟಿ ಪ್ರಶ್ನೆ ಎದುರಿಗೆ ನಿಲ್ಲುತ್ತದೆ.

ಪ್ರತಿ ಕಂತಿನ ಕೊನೆಗೆ ನಮ್ಮೂರಿನ ಒಂದು ಹಳೇ ಸುದ್ದಿ ಹೇಳಿ. ಸರಕಿಗೆ ಕೊರತೆಯಿಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಪ್ರಸಾರ ಕೇಂದ್ರ ಶುರುಮಾಡಿದರು. "ಆಕಾಶವಾಣಿ" ಎಂಬ ಹೆಸರು ಬೆಳೆದದ್ದು ಅಲ್ಲಿಂದ. ಮನೆಯ ಕೋಣೆಯಲ್ಲಿ ಕೂತು ಮೈಕಿಗೆ ಮಾತಾಡುವ ನಮಗೆ ಅದಕ್ಕಿಂತ ಹತ್ತಿರದ ಪೂರ್ವಜರು ಬೇಕೆ? ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ರಾಗಿಯ ಹೂವು ಎಷ್ಟು ಚಿಕ್ಕದು, ಅದು ತನ್ನ ಪರಾಗದಿಂದಲೇ ಫಲ ಕಟ್ಟುವಂಥದ್ದು, ಅದಕ್ಕೆ ಬೇರೆ ತಳಿಯ ಪರಾಗ ಕೂಡಿಸುವುದು ಎಂಥ ಕಣ್ಣು ನೋಯುವ ಕೆಲಸ ಎಂದು ವಿವರಿಸಿದ ದಿನ ನಮಗೆ ಬಂದಷ್ಟು ಸಂದೇಶಗಳು ಇನ್ನಾವ ಕಂತಿಗೂ ಬಂದಿಲ್ಲ. ಎಮ್ಮೆ ಹಾಲಿನಿಂದ ಮಗುವಿನ ಆಹಾರ ಮಾಡುವ ವಿಧಾನ ಸಿಎಫ್‌ಟಿಆರ್‌ಐನಲ್ಲಿ ರೂಪುಗೊಂಡು ಅಮುಲ್‌ಗೆ ಹೋದ ಕಥೆಯೂ ಹಾಗೆಯೇ.

ಪ್ರಬಂಧ ಓದುವ ಬಗೆ

ಓದುವ ಸರದಿ ಬಂದವರು ಸಾರಾಂಶ ಓದಿ ಬಂದರೆ ಸಾಲದು. ನೇರವಾಗಿ ಪ್ರಯೋಗ ಮಾಡಿದ ವಿಧಾನಕ್ಕೆ ಹೋಗಿ. ಯಾರ ಮೇಲೆ ಮಾಡಿದರು, ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಮಂದಿ, ಯಾವುದಕ್ಕೆ ಹೋಲಿಸಿ ನೋಡಿದರು, ಹಣ ಕೊಟ್ಟವರು ಯಾರು? ಆಮೇಲೆ ಲೇಖಕರು ತಾವೇ ಬರೆದುಕೊಂಡಿರುವ ಮಿತಿಗಳನ್ನು ಓದಿ. ಪತ್ರಿಕಾ ಪ್ರಕಟಣೆಯಲ್ಲಿ ಕಾಣೆಯಾಗುವುದು ಆ ಭಾಗವೇ.

ಅಪಾಯದ ಅಂಕಿ ಬಂದಾಗ ಬಹಳ ಹುಷಾರು. "ಅಪಾಯ ಶೇಕಡಾ 50 ಹೆಚ್ಚು" ಎಂದಿದ್ದರೆ ಅದು ಸಾವಿರದಲ್ಲಿ 2 ಇದ್ದದ್ದು 3 ಆದದ್ದೋ, 200 ಇದ್ದದ್ದು 300 ಆದದ್ದೋ ಹುಡುಕಿ. ಎರಡೂ ಶೇಕಡಾ 50ರಷ್ಟೇ ಹೆಚ್ಚಳ. ಮೊದಲನೆಯದಕ್ಕೆ ಮನೆಯವರೆಲ್ಲ ಗಾಬರಿ ಬೀಳಬೇಕಿಲ್ಲ.

ಟಿಪ್ಪಣಿ: ಒಂದು ಕಂತನ್ನು ಹತ್ತಿರದಿಂದ ನೋಡೋಣ

ಪೂರ್ತಿ ಸಂಭಾಷಣೆ ಬರೆದು ಓದಬೇಡಿ, ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಓದಿದವರ ಕೈಯಲ್ಲಿ ಅರ್ಧ ಹಾಳೆ ಇರಲಿ: ಐದು ಸಂಗತಿ, ಮೂರು ಅಂಕಿ, ಒಂದು ಹೆಸರು. ಓದದವರ ಕೈಯಲ್ಲಿ ಖಾಲಿ ಹಾಳೆ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಮೇರಿ ಡಾಕೆ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಸಗಣಿ ಹುಳದ ಅಧ್ಯಯನ ನಾವು ಪಳಗಲು ತೆಗೆದುಕೊಂಡ ಹಳೇ ಸುದ್ದಿ. ಅದಕ್ಕೂ ಅದೇ ವರ್ಷ ಇಗ್ ನೊಬೆಲ್ ಬಂದಿತ್ತು. ಧ್ವನಿಮುದ್ರಣದಲ್ಲಿ ಅದು ನಡೆದದ್ದು ಹೀಗೆ.

"ಆಫ್ರಿಕಾದ ಒಂದು ಸಗಣಿ ಹುಳ ರಾತ್ರಿ ಹೊತ್ತು ಉಂಡೆ ಉರುಳಿಸ್ಕೊಂಡು ದಾರ ಹಿಡಿದ ಹಾಗೆ ನೆಟ್ಟಗೆ ಹೋಗುತ್ತೆ. ಹೇಗೆ ಹೇಳಿ ಮೇಡಂ."

"ವಾಸನೆ ಹಿಡ್ಕಂಡು ಓಯ್ತದೇನೋ."

"ವಾಸನೆ ಇರೋದು ಹಿಂದೆ, ಸಗಣಿ ಗುಡ್ಡೆ ಹತ್ರ. ಇದು ಅಲ್ಲಿಂದ ದೂರ ಓಡ್ತಿದೆ."

"ಯಾಕೆ ಓಡ್ಬೇಕು? ಅಲ್ಲೇ ಕೂತ್ಕಂಡು ತಿನ್ಬೋದಲ್ಲ."

"ಬೇರೆ ಹುಳಗಳು ಉಂಡೇನ ಕಿತ್ಕೊಳ್ತವೆ. ಬೇಗ ದೂರ ಹೋಗ್ಬೇಕು ಅಂದ್ರೆ ನೆಟ್ಟಗೇ ಹೋಗ್ಬೇಕು. ವಿಜ್ಞಾನಿಗಳು ಏನ್ಮಾಡಿದ್ರು ಅಂದ್ರೆ, ಹುಳಕ್ಕೆ ಟೋಪಿ ಹಾಕಿದ್ರು."

"ಅಯ್ಯೋ ಪಾಪ, ಹುಳಕ್ಕೂ ಟೋಪಿ ಹಾಕುದ್ರಾ ಸಾ!"

"ನಿಜವಾದ ಟೋಪಿ ಮೇಡಂ. ರಟ್ಟಿಂದು. ಆಕಾಶ ಕಾಣಬಾರದು ಅಂತ. ಟೋಪಿ ಹಾಕಿದ್ಮೇಲೆ ಹುಳ ಸುತ್ತಿ ಬಳಸಿ ದಾರಿ ತಪ್ಪಿತು."

ಇಲ್ಲಿ ಇಬ್ಬರೂ ಮನಸಾರೆ ನಕ್ಕೆವು. ನಕ್ಕು ಸುಧಾರಿಸಿಕೊಂಡವರೇ ಅವರು ಕೇಳಿದರು: "ಅದು ಆಕಾಶ ಕಾಣ್ದೆ ತಪ್ಪುಸ್ಕತ್ತೋ, ತಲೆ ಮ್ಯಾಲೆ ಭಾರ ಕೂತಿದ್ದಕ್ಕೆ ತಪ್ಪುಸ್ಕತ್ತೋ? ಅದ್ ಎಂಗೆ ಗೊತ್ತು?"

ಆ ಪ್ರಶ್ನೆಗಾಗಿಯೇ ಅವರು ಓದಿರಬಾರದು ಅನ್ನುವುದು. ಉತ್ತರ ಪ್ರಬಂಧದಲ್ಲಿತ್ತು: ಬೇರೆ ಹುಳಗಳಿಗೆ ಪಾರದರ್ಶಕ ಟೋಪಿ ಹಾಕಿದ್ದರು, ಅವು ನೆಟ್ಟಗೇ ಹೋದವು. "ನಿಯಂತ್ರಿತ ಪ್ರಯೋಗ" ಅನ್ನುವುದನ್ನು ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿದವರಿಗೂ ಅಷ್ಟು ಸಲೀಸಾಗಿ ಮನಸ್ಸಿಗೆ ಇಳಿದಿರುವುದಿಲ್ಲ. ಆಮೇಲೆ ನಾನು ಜೋಹಾನ್ಸ್‌ಬರ್ಗಿನ ತಾರಾಲಯದ ಕಥೆ ಹೇಳಿದೆ. ಹುಳಗಳನ್ನು ಅಲ್ಲಿಗೆ ಒಯ್ದು, ಬೇರೆ ನಕ್ಷತ್ರಗಳನ್ನು ಆರಿಸಿ ಆಕಾಶಗಂಗೆಯ ಪಟ್ಟಿಯನ್ನಷ್ಟೇ ತೋರಿಸಿದಾಗಲೂ ಅವು ದಾರಿ ಹಿಡಿದವು.

ನಗು ಎಲ್ಲಿಂದ ಬಂತು ಗಮನಿಸಿ. "ಟೋಪಿ ಹಾಕು" ಅನ್ನುವ ಕನ್ನಡದ ಮಾತಿಗೂ ಪ್ರಯೋಗದ ನಿಜ ಸಂಗತಿಗೂ ಗಂಟು ಬಿತ್ತು. ಆ ನಗುವಿನ ಜೊತೆಗೇ ಪ್ರಯೋಗದ ಮುಖ್ಯ ಸಂಗತಿ ನೆನಪಿನಲ್ಲಿ ಉಳಿಯಿತು. ವಿಷಯಕ್ಕೆ ಸಂಬಂಧವಿಲ್ಲದ ಜೋಕು ತಂದು ತುರುಕಿದರೆ ಜನ ಜೋಕನ್ನು ನೆನಪಿಟ್ಟುಕೊಂಡು ವಿಜ್ಞಾನ ಮರೆಯುತ್ತಾರೆ. ವಿಜ್ಞಾನಿಯ ಪೆದ್ದುತನ ಎಂದು ಆಡಿಕೊಳ್ಳುವುದೂ ಬೇಡ. ರಾತ್ರಿಯೆಲ್ಲ ಎದ್ದಿದ್ದು ಹುಳದ ತಲೆಗೆ ರಟ್ಟು ಅಂಟಿಸುವವರ ತಾಳ್ಮೆ ಗೌರವಕ್ಕೆ ತಕ್ಕದ್ದು.

ಎಲ್ಲಿ ನಗಬಾರದು ಎಂಬುದೂ ಮೊದಲೇ ಗೊತ್ತಿರಬೇಕು. ಕಬ್ಬಿನ ಕೆಂಪು ಕೊಳೆ ರೋಗದ ಸುದ್ದಿ ಬಂದರೆ ನಾವು ದನಿಯನ್ನೇ ಬದಲಿಸುತ್ತೇವೆ. ಅದನ್ನು ಕೇಳುತ್ತಿರುವವರ ಗದ್ದೆಯಲ್ಲಿ ಆ ಹೊತ್ತಿಗೆ ಕಬ್ಬು ಒಣಗುತ್ತಿರಬಹುದು. ಕಾಯಿಲೆ, ಸಾವು, ಬೆಳೆ ನಷ್ಟ, ಯಾರದೋ ಮೈಬಣ್ಣ, ತೂಕ, ಜಾತಿ, ಇವು ಹಗುರ ಮಾತಿನ ಹತ್ತಿರ ಸುಳಿಯಬಾರದು.

ಮಾತು ಮತ್ತು ಅಂಕಿ

ಪಾರಿಭಾಷಿಕ ಪದ ಬಿಡಬೇಕೆಂದಿಲ್ಲ, ಮೊದಲು ಮನೆಮಾತು ಬರಲಿ. "ಶಿಲೀಂಧ್ರ" ಅನ್ನುವ ಮೊದಲು ಬ್ರೆಡ್ಡಿನ ಮೇಲೆ ಕಟ್ಟುವ ಬೂಷ್ಟು ಅನ್ನಿ. ಹುದುಗುವಿಕೆ ಅನ್ನುವ ಮೊದಲು ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಉಕ್ಕಿದ್ದನ್ನು ಹೇಳಿ. ಅದನ್ನು ಉಬ್ಬಿಸುವ ಗಾಳಿ ಕಾರ್ಬನ್ ಡೈ ಆಕ್ಸೈಡ್, ಅದನ್ನು ಬಿಡುವುದರಲ್ಲಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಪಾಲು ದೊಡ್ಡದು. ಉದ್ದಿನ ಹಿಟ್ಟಿನ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದರೆ ಅಡುಗೆಮನೆಯಲ್ಲಿ ನಿಂತು ಕೇಳುವವರಿಗೆ ಕಣ್ಣಿಗೆ ಕಟ್ಟುತ್ತದೆ. ಡಿಎನ್‌ಎ, ವೈರಸ್, ಲೇಸರ್ ಇವನ್ನು ಹಾಗೆಯೇ ಬಿಡಿ, ಜನರಿಗೆ ಗೊತ್ತು.

ದೂರ, ಎತ್ತರಗಳನ್ನು ನಮ್ಮ ರಸ್ತೆಯ ಅಳತೆಗೆ ತನ್ನಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಮೇಲೆ ಸುತ್ತುತ್ತದೆ. ಮೈಸೂರಿಂದ ಮಂಡ್ಯ ಸುಮಾರು 45. ಅಂದರೆ ಮಂಡ್ಯಕ್ಕೆ ನಾಲ್ಕೂವರೆ ಸಲ ಹೋಗಿಬಂದಷ್ಟೇ ದೂರ.

ಮಿಲಿಯನ್ ಅಂದರೆ ಹತ್ತು ಲಕ್ಷ, ಬಿಲಿಯನ್ ಅಂದರೆ ನೂರು ಕೋಟಿ. ಇದನ್ನು ಬರೆದು ಗೋಡೆಗೆ ಅಂಟಿಸಿ. ನಾನು ಒಮ್ಮೆ ಬಿಲಿಯನ್ನನ್ನು ಹತ್ತು ಕೋಟಿ ಎಂದು ಹೇಳಿಬಿಟ್ಟೆ, ಪರಿಶೀಲಿಸಿದವರಿಗೂ ಕಾಣಲಿಲ್ಲ. ಎಂಟನೇ ತರಗತಿಯ ಹುಡುಗಿಯೊಬ್ಬಳು ವಾಟ್ಸಾಪಿನಲ್ಲಿ ದನಿ ಕಳಿಸಿ ತಿದ್ದಿದಳು. ಮುಂದಿನ ಕಂತಿನ ಮೊದಲ ನಿಮಿಷದಲ್ಲೇ ತಪ್ಪು ಏನು, ಸರಿ ಏನು ಎಂದು ಹೇಳಿ, ಹಳೇ ಕಂತಿನ ವಿವರಣೆಯಲ್ಲೂ ಬರೆದೆವು. ತಪ್ಪನ್ನು ಸದ್ದಿಲ್ಲದೆ ಕತ್ತರಿಸಿ ಹಾಕುವುದು ಸರಿಯಲ್ಲ, ಮೊದಲು ಕೇಳಿದವರು ಆ ತಪ್ಪನ್ನೇ ಹೊತ್ತುಕೊಂಡು ಹೋಗಿರುತ್ತಾರೆ.

ಹೆಮ್ಮೆಯ ಅಂಕಿಗಳ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. "ಹಾಲಿನ ಮೂರರಷ್ಟು" ಎಂದು ಹೇಳಿ ಎದೆ ಉಬ್ಬಿಸಿ ಮುಗಿಸುವುದು ಸುಲಭ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಆ ಕ್ಯಾಲ್ಸಿಯಮ್ಮಿನ ಒಂದಷ್ಟನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ, ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ಮುದ್ದೆಯ ನಾಡಿನವರಿಗೆ ಈ ಎರಡನೇ ಮಾತನ್ನೂ ಹೇಳುವುದೇ ಮುದ್ದೆಗೆ ತೋರುವ ಮರ್ಯಾದೆ.

ಕೋಣೆ, ಮೈಕು, ಮುದ್ರಣ

ದುಬಾರಿ ಸ್ಟುಡಿಯೊ ಬೇಡ. ಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಹಿಂದೆ ಪುಸ್ತಕದ ಕಪಾಟು ಇರುವ ಸಣ್ಣ ಕೋಣೆ ಸಾಕು. ಕಬ್ಬಿಣದ ಬೀರು ಇದ್ದರೆ ಹೊರಗೆ ಸಾಗಿಸಿ, ಇಲ್ಲವೇ ಮೇಲೆ ರಜಾಯಿ ಹೊದಿಸಿ. ಅದು ನಿಮ್ಮ ದನಿಗೆ ಗುಂಯ್‌ಗುಡುತ್ತದೆ. ಫ್ಯಾನು ಆರಿಸಿ, ಯುಪಿಎಸ್ ದೂರ ಇಡಿ, ಫೋನು ಏರೋಪ್ಲೇನ್ ಮೋಡಿಗೆ ಹಾಕಿ. ನಾವು ಮುದ್ರಿಸುವುದು ಬೆಳಿಗ್ಗೆ ಏಳಕ್ಕೆ, ಆಟೋಗಳ ಓಡಾಟ ಜೋರಾಗುವ ಮೊದಲು. ದಸರಾ ದಿನಗಳಿಗೆಂದು ಎರಡು ಕಂತು ಮುಂಚೆಯೇ ಮುಗಿಸಿಟ್ಟಿರುತ್ತೇವೆ.

ಕೋಣೆಯ ಸದ್ದನ್ನು ಕಡಿಮೆ ಹಿಡಿಯುವ ಡೈನಮಿಕ್ ಮೈಕು ಕೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು. ಬಾಯಿಗೂ ಮೈಕಿಗೂ ನಡುವೆ ಮುಷ್ಟಿ ಹಿಡಿದು ಹೆಬ್ಬೆರಳು ಚಾಚಿದಷ್ಟು ಅಂತರವಿರಲಿ. ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಸು ಓರೆಯಾಗಿಟ್ಟರೆ ಪ, ಫ, ಭ ಬಂದಾಗ ಗಾಳಿ ಬಡಿಯುವುದಿಲ್ಲ. ಇಬ್ಬರ ದನಿಯೂ ಬೇರೆ ಬೇರೆ ಟ್ರ್ಯಾಕಿನಲ್ಲಿ, ವೇವ್ ಫೈಲಾಗಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಬರಲಿ. ಮಾತಿನ ಜೋರು ತೋರಿಸುವ ಮೀಟರಿನ ಮುಳ್ಳು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಆಡುತ್ತಿದ್ದರೆ ಜೋರಾಗಿ ನಕ್ಕಾಗಲೂ ದನಿ ಒಡೆಯುವುದಿಲ್ಲ. ನಗುವ ಪಾಡ್‌ಕಾಸ್ಟಿಗೆ ಈ ಜಾಗ ಬಿಟ್ಟುಕೊಳ್ಳುವುದು ಬಹಳ ಮುಖ್ಯ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ, ಎರಡು ಟ್ರ್ಯಾಕು ಹೊಂದಿಸಲು ಆಗುತ್ತದೆ. ಮಾತು ಮುಗಿದ ಮೇಲೆ ಮೂವತ್ತು ಸೆಕೆಂಡು ಸುಮ್ಮನೆ ಕೂತು ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ, ಕತ್ತರಿಸಿದ ಕಡೆ ತೇಪೆ ಹಾಕಲು ಬೇಕಾಗುತ್ತದೆ.

ಕತ್ತರಿಸಿ ಹೊರಗೆ ಬಿಡುವುದು

ದನಿ ಕತ್ತರಿಸಿ ಜೋಡಿಸಲು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಸಾಕು. ನಲವತ್ತು ನಿಮಿಷ ಮುದ್ರಿಸಿ ಇಪ್ಪತ್ತಕ್ಕೆ ಇಳಿಸಿ. ಪುನರಾವರ್ತನೆ ತೆಗೆಯಿರಿ, ಆದರೆ ಪ್ರಶ್ನೆ ಮತ್ತು ಉತ್ತರದ ನಡುವೆ ಓದದವರು ತಡವರಿಸಿ ಯೋಚಿಸುವ ಆ ಎರಡು ಸೆಕೆಂಡು ಮುಟ್ಟಬೇಡಿ. ಕೇಳುಗರೂ ಅಲ್ಲೇ ಯೋಚಿಸುತ್ತಾರೆ. ಕೊನೆಗೆ ಒಟ್ಟು ದನಿಯನ್ನು ಸ್ಟೀರಿಯೊ ಆದರೆ ಮೈನಸ್ 16, ಮೊನೊ ಆದರೆ ಮೈನಸ್ 19 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ತಂದು, ಶಿಖರ ಮೈನಸ್ 1 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ಮೊನೊ ಎಂಪಿ3, 96 ಕೆಬಿಪಿಎಸ್‌ನಲ್ಲಿ ಇಪ್ಪತ್ತು ನಿಮಿಷದ ಕಂತು 14 ಎಂಬಿ ಆಸುಪಾಸು ಬರುತ್ತದೆ, ಹಳ್ಳಿಯ ನೆಟ್ಟಿಗೂ ಹೊರೆಯಲ್ಲ.

ವಿವರಣೆಯಲ್ಲಿ ಮೂಲ ಪ್ರಬಂಧದ ಹೆಸರು, ವರ್ಷ, ಕೊಂಡಿ ಕೊಡಿ. ಪೂರ್ತಿ ಮಾತಿನ ಬರಹ ರೂಪವನ್ನೂ ಹಾಕಿ. ವಾಕ್ ಶ್ರವಣ ಸಂಸ್ಥೆ ಇರುವ ಊರಿನಲ್ಲಿ ಕೂತು, ಕಿವಿ ಕೇಳದವರನ್ನು ಹೊರಗಿಟ್ಟು ವಿಜ್ಞಾನ ಹೇಳುವುದು ನನಗಂತೂ ಒಪ್ಪುವುದಿಲ್ಲ.

ಏರಿಸುವ ಮೊದಲು ಇಯರ್‌ಫೋನ್ ಇಲ್ಲದೆ, ಸಾಧಾರಣ ಫೋನಿನ ಸ್ಪೀಕರಿನಲ್ಲಿ, ಪಕ್ಕದಲ್ಲಿ ಮಿಕ್ಸಿ ಓಡುವಾಗ ಒಮ್ಮೆ ಕೇಳಿ. ಅಲ್ಲೂ ಮಾತು ತಿಳಿದರೆ ಕಂತು ಸಿದ್ಧ.

ಕೇಳುಗರ ಪ್ರಶ್ನೆಗಳಿಗೆ ಒಂದು ಪುಸ್ತಕ ಇಡಿ. ಪ್ರಶ್ನೆ ಬಂದಾಗ ಅದನ್ನು ಓದುವ ಸರದಿಯವರಿಗೆ ಮಾತ್ರ ತೋರಿಸಿ. ಹುಳದ ಕಂತು ಹೋದ ಮೂರನೇ ದಿನ ಪಾಂಡವಪುರದ ಕಡೆಯ ರೈತರೊಬ್ಬರು ದನಿ ಕಳಿಸಿದ್ದರು: "ಅಲ್ಲಾ ಸಾಮಿ, ಮೋಡ ಮುಚ್ಕಂಡಿದ್ ದಿವ್ಸ ಆ ಹುಳ ಏನ್ ಮಾಡ್ತದೆ?" ಪ್ರಬಂಧದಲ್ಲಿ ಉತ್ತರವಿದೆ: ಮೋಡ ಕವಿದ ರಾತ್ರಿ ಅವು ನೆಟ್ಟಗಿನ ದಾರಿ ಬಿಟ್ಟು ಅಡ್ಡಾದಿಡ್ಡಿ ಅಲೆಯುತ್ತವೆ. ನಾನು ಅದನ್ನು ಹಾಳೆಯಲ್ಲಿ ಬರೆದು ಮಡಿಸಿಟ್ಟೆ. ಮುಂದಿನ ಮುದ್ರಣದ ದಿನ ಮೈಕು ಶುರುಮಾಡಿ, ಆ ದನಿಯನ್ನು ಜೊತೆಗಾರ್ತಿಗೆ ಮೊದಲ ಸಲ ಅಲ್ಲೇ ಕೇಳಿಸಿದೆ.